ಸ್ಕೀ ಸೆಟ್ ಕೊಳ್ಳಲೋ, ಬಾಡಿಗೆಯೇ ಸಾಕೋ? ಎರಡೂ ಹೆಬ್ಬೆರಳ ಉಗುರು ಕಪ್ಪಾಗಿದೆ

ಫ್ರೀಮಾಂಟ್_ಹೊಸಬ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ಈಗ ಇರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ವಯಸ್ಸು 38, ತೂಕ 78 ಕೆ.ಜಿ., ಎತ್ತರ 5 ಅಡಿ 8 ಇಂಚು. ಕಳೆದ ಚಳಿಗಾಲ ಮಗಳನ್ನು ಸ್ಕೀ ಕ್ಲಾಸಿಗೆ (ಕಾಲಿಗೆ ಉದ್ದ ಹಲಗೆ ಕಟ್ಟಿ ಹಿಮದ ಮೇಲೆ ಜಾರೋದು) ಹಾಕೋಣ ಅಂತ ಇಲ್ಲಿನ ಹಿಮದ ಬೆಟ್ಟ ಟಾಹೋಗೆ ಹೋದೆ. ಅವಳು ಕಲಿಯೋವಾಗ ನಾನು ಕೆಳಗೆ ಕಾಫಿ ಕುಡೀತಾ ಕೂರೋದ್ಯಾಕೆ ಅಂತ ನಾನೂ ಸೇರಿಕೊಂಡೆ. ಒಟ್ಟು ಆರು ದಿನ ಆಗಿದೆ. ಹಸಿರು ಬೋರ್ಡಿನ ಇಳಿಜಾರು, ಅಂದರೆ ಅತಿ ಸುಲಭದ್ದು, ಧೈರ್ಯವಾಗಿ ಇಳೀತೀನಿ. ಅದಕ್ಕಿಂತ ಕಷ್ಟದ ನೀಲಿಯಲ್ಲಿ ಅರ್ಧ ದಾರಿ ಕಾಲ ಮೇಲೆ, ಇನ್ನರ್ಧ ಅಂಡಿನ ಮೇಲೆ. ಒಂಬತ್ತು ವರ್ಷದ ಮಗಳು ಕೆಳಗೆ ನಿಂತು ನನಗೆ ಕಾಯ್ತಾಳೆ.

ಸಮಸ್ಯೆ ಬೂಟಿನದು. ಪ್ರತಿ ಸಲ ಬೆಟ್ಟದ ಬುಡದಲ್ಲೇ ಬಾಡಿಗೆಗೆ ತಗೊಳ್ತೀನಿ, ಸಾಲಿನಲ್ಲಿ ಒಂದು ಗಂಟೆ ಹೋಗುತ್ತೆ. ನನ್ನ ಶೂ ಅಳತೆ 10 ಅಂದೆ, 28 ಅಂತ ಬರೆದಿರೋ ಬೂಟು ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಮೊಣಕಾಲ ಕೆಳಗಿನ ಎಲುಬು ನೋವು, ಸಂಜೆ ಬಿಚ್ಚಿದರೆ ಹೆಬ್ಬೆರಳ ಉಗುರು ಕಪ್ಪು. ಬಿಗಿಯಾಯ್ತೇನೋ ಅಂತ ಮುಂದಿನ ಸಲ 28.5 ಕೇಳಿ ಹಾಕಿಕೊಂಡೆ. ಇನ್ನೊಂದು ಕಾಲಿನ ಉಗುರೂ ಕಪ್ಪಾಯ್ತು.

ಈಗ ಪಕ್ಕದ ಮನೆಯವರು ಊರು ಬಿಡ್ತಿದ್ದಾರೆ. ಸ್ಕೀ, ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡೋ ಕೊಂಡಿ), ಬೂಟು, ಕೋಲು ಎಲ್ಲಾ ಸೇರಿ 250 ಡಾಲರಿಗೆ ಕೊಡ್ತಾರಂತೆ. 2007ರಲ್ಲಿ ಕೊಂಡಿದ್ದು, ಸ್ಕೀ ಉದ್ದ 178 ಸೆಂ.ಮೀ., ಬೂಟು 28.5. ಹಾಕಿ ನೋಡಿದೆ, ಮನೆ ಚಪ್ಪಲಿ ಥರ ಮೆತ್ತಗಿದೆ. ತಗೊಳ್ಳಲಾ? ತಳಕ್ಕೆ ಹಚ್ಚೋ ವ್ಯಾಕ್ಸ್, ಅಂಚು ಮಸೆಯೋ ಅರ, ಅದೂ ಇದೂ ಸಾಮಾನು ಬೇರೆ ಬೇಕು ಅಂತಾರೆ, ಹೌದಾ? "ವರ್ಷಕ್ಕೆ ಆರು ದಿನದ ಆಟಕ್ಕೆ ಗ್ಯಾರೇಜ್ ತುಂಬಿಸ್ತೀರಾ" ಅಂತ ಮನೆಯಲ್ಲಿ ಈಗಾಗಲೇ ಶುರುವಾಗಿದೆ.


ಬಸವನಗುಡಿ_ಬೋರ್ಡರ್:

ಗುರು, ಸ್ನೋಬೋರ್ಡಿಗೆ ಬಂದುಬಿಡಿ, ಎರಡೂ ಕಾಲಿಗೆ ಒಂದೇ ಹಲಗೆ. ನಮ್ಮ ಬೂಟು ನಿಜವಾಗಲೂ ಚಪ್ಪಲಿ ಥರ. ಮೊದಲ ಮೂರು ದಿನ ಮಾತ್ರ ಕೂರೋಕಾಗಲ್ಲ, ಅಷ್ಟೇ.

ತಮಾಷೆ ಬಿಡಿ. ಹಳೇ ಹೆಲ್ಮೆಟ್ ಏನಾದ್ರೂ ಆ ಸೆಟ್ ಜೊತೆ ಪುಕ್ಕಟೆ ಕೊಟ್ಟರೆ ತಗೋಬೇಡಿ. ಒಂದು ಸಲ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಒಳಗೆ ಕುಸಿದಿರುತ್ತೆ, ಹೊರಗಿನಿಂದ ಗೊತ್ತಾಗಲ್ಲ. ಹೊಸದೇ ಕೊಳ್ಳಿ, ಒಳಗಿನ ಚೀಟಿಯಲ್ಲಿ ಎ.ಎಸ್.ಟಿ.ಎಂ. ಎಫ್ 2040 ಅಥವಾ ಇ.ಎನ್. 1077 ಅಂತ ಸುರಕ್ಷತೆಯ ಗುರುತು ಇದೆಯಾ ನೋಡಿ.


ಸಾಗರದ_ಅಕ್ಕ:

ಆ ಸೆಟ್ ಮುಟ್ಟಬೇಡಿ. ಯಾಕೆ ಅಂತ ಆಮೇಲೆ ಹೇಳ್ತೀನಿ, ಮೊದಲು ಉಗುರಿನ ವಿಷಯ.

ನಾನು ಮೊದಲ ಸಲ ಸ್ಕೀ ಕಟ್ಟಿದಾಗ 41 ವರ್ಷ, ಈಗ 53. ಸ್ಯಾಕ್ರಮೆಂಟೋದಲ್ಲಿ ಮನೆ ಇರೋದರಿಂದ ಶನಿವಾರ ನಸುಕಿಗೆ ಹೊರಟರೆ ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯೋ ಲಿಫ್ಟ್ ಶುರುವಾಗೋ ಮೊದಲೇ ಬೆಟ್ಟದಲ್ಲಿರ್ತೀನಿ. ಮೊದಲ ಎರಡು ವರ್ಷ ನಿಮ್ಮ ಹಾಗೇ ಉಗುರು ಕಳೆದುಕೊಂಡವಳು ನಾನು. ಅಂಗಡಿಯ ಹುಡುಗ "ಆರಾಮಾಗಿದೆಯಾ" ಅಂದ. ಆರಾಮಾಗಿತ್ತು, ದುಡ್ಡು ಕೊಟ್ಟು ಬಂದೆ. ಕೆಟ್ಟಿದ್ದೇ ಅಲ್ಲಿ. ಬೂಟು ದೊಡ್ಡದಾದರೆ ಒಳಗೆ ಹಿಮ್ಮಡಿ ಎದ್ದೇಳುತ್ತೆ, ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಗೋಡೆಗೆ ಗುದ್ದುತ್ತೆ. ದಿನವಿಡೀ ಗುದ್ದಿದರೆ ಉಗುರಿನಡಿ ರಕ್ತ ಕಟ್ಟದೆ ಇನ್ನೇನಾಗುತ್ತೆ? ಸಡಿಲ ಅನ್ನಿಸಿದಾಗ ಬಕಲ್ ಎಳೆದು ಬಿಗೀತೀರಿ, ಆಗ ಎಲುಬು ನೋಯೋಕೆ ಶುರು, ಪಾದ ಜೋಮು. ನಾವೋ, ಬೂಟು ಚಿಕ್ಕದಾಯ್ತು ಅಂದುಕೊಂಡು ಇನ್ನೂ ದೊಡ್ಡದು ಕೇಳ್ತೀವಿ. ಇನ್ನೊಂದು ವಿಷಯ, ಹೆಚ್ಚಿನ ಕಂಪನಿಗಳಲ್ಲಿ 28ಕ್ಕೂ 28.5ಕ್ಕೂ ಹೊರಗಿನ ಪ್ಲಾಸ್ಟಿಕ್ ಚಿಪ್ಪು ಒಂದೇ. ನೀವು ಬದಲಾಯಿಸಿದ್ದು ಏನೂ ಇಲ್ಲ.

ಇವತ್ತು ರಾತ್ರಿ ಊಟ ಆದಮೇಲೆ ಒಂದು ಕೆಲಸ ಮಾಡಿ. ನೆಲದ ಮೇಲೆ ಕಾಗದ ಹಾಕಿ, ಹಿಮ್ಮಡಿಯನ್ನು ಗೋಡೆಗೆ ಒತ್ತಿ, ಎರಡೂ ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲಿ. ಅತಿ ಉದ್ದದ ಬೆರಳ ತುದಿಗೆ ಗೆರೆ ಹಾಕಿಸಿ. ಗೋಡೆಯಿಂದ ಗೆರೆಗೆ ಎಷ್ಟು ಸೆಂಟಿಮೀಟರೋ ಅದೇ ಸ್ಕೀ ಬೂಟಿನ ಅಳತೆ, ಮಾಂಡೊಪಾಯಿಂಟ್ ಅಂತಾರೆ. ಶೂ ಅಂಗಡಿಯ 9, 10 ಎಲ್ಲ ಇಲ್ಲಿ ಲೆಕ್ಕಕ್ಕಿಲ್ಲ. ಆಮೇಲೆ ಪಕ್ಕದ ಮನೆಯವರ ಬೂಟನ್ನೇ ಒಂದು ಗಂಟೆ ಇಸ್ಕೊಳ್ಳಿ. ಒಳಗಿನ ಮೆತ್ತನೆ ಲೈನರ್ ಎಳೆದು ಹೊರಗೆ ತೆಗೆದು ಖಾಲಿ ಚಿಪ್ಪಿನಲ್ಲಿ ಬರಿಗಾಲು ಇಡಿ. ಬೆರಳು ಮುಂದೆ ಸುಮ್ಮನೆ ತಾಗಲಿ, ಒತ್ತಬಾರದು. ಈಗ ಹಿಮ್ಮಡಿಯ ಹಿಂದೆ ಕೈಬೆರಳು ತೂರಿಸಿ. ಒಂದೂವರೆಯಿಂದ ಎರಡು ಸೆಂಟಿಮೀಟರ್ ಜಾಗ ಇದ್ದರೆ ಸರಿ, ಅಂದರೆ ಒಂದೂವರೆ ಬೆರಳು, ಹೆಚ್ಚೆಂದರೆ ಎರಡು. ಅದಕ್ಕಿಂತ ಜಾಸ್ತಿ ಇದ್ದರೆ ಅದು ನಿಮ್ಮ ಬೂಟಲ್ಲ.

ಸರಿಯಾದ ಬೂಟು ಹಾಕಿ ನೆಟ್ಟಗೆ ನಿಂತರೆ ಬೆರಳು ಮುಂದೆ ತಾಗುತ್ತೆ, "ಅಯ್ಯೋ ಚಿಕ್ಕದು" ಅನ್ನಿಸುತ್ತೆ. ಮೊಣಕಾಲು ಮಡಿಸಿ ಮುಂದಕ್ಕೆ ಬಾಗಿ ನೋಡಿ, ಹಿಮ್ಮಡಿ ಹಿಂದಕ್ಕೆ ಕೂತು ಬೆರಳು ಬಿಡಿಸಿಕೊಳ್ಳುತ್ತೆ. ಅಂಗಡಿಯಲ್ಲಿ ಅರ್ಧ ಗಂಟೆ ಹಾಕಿಕೊಂಡೇ ಓಡಾಡಿ, ನಾಚಿಕೆ ಬೇಡ. ಬರಿಗಾಲಲ್ಲಿ, ಹವಾಯಿ ಚಪ್ಪಲಿಯಲ್ಲಿ ಬೆಳೆದ ಪಾದ ನನ್ನದು, ಮುಂದೆ ಅಗಲ, ಹಿಮ್ಮಡಿ ಸಣ್ಣ. ಅಗಲದ ಲೆಕ್ಕವೂ ಇರುತ್ತೆ: 98 ಮಿ.ಮೀ. ಕಿರಿದು, 100 ಮಧ್ಯಮ, 102ರ ಮೇಲೆ ಅಗಲ. ಎಲ್ಲಾದರೂ ಒಂದು ಕಡೆ ಚುಚ್ಚಿದರೆ ಬೂಟು ಹೊಂದಿಸುವವರು ಪ್ಲಾಸ್ಟಿಕ್ ಬಿಸಿ ಮಾಡಿ ಆ ಜಾಗ ಉಬ್ಬಿಸಿಕೊಡ್ತಾರೆ. ದೊಡ್ಡ ಬೂಟನ್ನು ಚಿಕ್ಕದು ಮಾಡಿಕೊಡೋರು ನನಗಂತೂ ಸಿಕ್ಕಿಲ್ಲ. ಎಷ್ಟು ಗಟ್ಟಿ ಅನ್ನೋದಕ್ಕೆ ಫ್ಲೆಕ್ಸ್ ಅಂತ ನಂಬರ್ ಇರುತ್ತೆ. ನಿಮ್ಮ ತೂಕಕ್ಕೆ, ನಿಮ್ಮ ಹಂತಕ್ಕೆ 80ರಿಂದ 100ರೊಳಗೆ ಸಾಕು. ಒಂದು ಕಂಪನಿಯ 90 ಇನ್ನೊಂದರ 100ರಷ್ಟು ಗಟ್ಟಿ ಇರಬಹುದು, ಕಾಲಿಗೆ ಹಾಕಿ ಬಾಗಿಯೇ ನೋಡಬೇಕು.

ಕಾಲ್ಚೀಲ ಒಂದೇ ಜೊತೆ, ತೆಳ್ಳಗಿನದು, ಮೊಣಕಾಲವರೆಗೆ ಬರುವಂಥದ್ದು. ನಾನು ಮೊದಲು ಅಮ್ಮ ಹೆಣೆದುಕೊಟ್ಟ ಉಣ್ಣೆ ಚೀಲದ ಮೇಲೆ ಇನ್ನೊಂದು ಜೊತೆ ಹಾಕ್ತಿದ್ದೆ. ಎರಡು ಹಾಕಿದಷ್ಟೂ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತೆ. ಥರ್ಮಲ್ ಪ್ಯಾಂಟಿನ ತುದಿಯನ್ನೂ ಬೂಟಿನೊಳಗೆ ತುರುಕಬೇಡಿ. ನಿಮ್ಮ ಎಲುಬು ನೋವಿಗೆ ಆ ಮಡಿಕೆಯೂ ಕಾರಣ ಇರಬಹುದು.

ಈಗ ಆ ಸೆಟ್. ಬೈಂಡಿಂಗ್ ಕಂಪನಿಗಳು ಪ್ರತಿ ವರ್ಷ ಒಂದು ಪಟ್ಟಿ ಹೊರಡಿಸ್ತಾವೆ, ತಾವು ಇನ್ನೂ ಹೊಣೆ ಹೊರುವ ಮಾದರಿಗಳದು. 2007ರದ್ದು ಅದರಲ್ಲಿ ಇರೋದು ಅನುಮಾನ. ಪಟ್ಟಿಯಲ್ಲಿಲ್ಲದ ಬೈಂಡಿಂಗನ್ನು ಇಲ್ಲಿನ ಅಂಗಡಿಯವರು ಮುಟ್ಟೋದೇ ಇಲ್ಲ. ಮುಟ್ಟಿಸಲೇಬೇಕು, ಯಾಕಂದ್ರೆ ಬಿದ್ದಾಗ ಸ್ಕೀ ಕಾಲಿನಿಂದ ಎಷ್ಟು ಬಲಕ್ಕೆ ಕಳಚಬೇಕು ಅನ್ನೋದನ್ನ ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ನೀವು ಎಷ್ಟು ಜೋರಾಗಿ ಇಳೀತೀರಿ ಅನ್ನೋದರ ಮೇಲೆ ಕೋಷ್ಟಕ ನೋಡಿ ಕೂರಿಸ್ತಾರೆ. ಡಿನ್ ಅಂತಾರಲ್ಲ, ಅದೇ. 50 ದಾಟಿದವರಿಗೆ ಒಂದು ಮೆಟ್ಟಿಲು ಕಡಿಮೆ. ನನಗೆ ಆ ಭಾಗ್ಯ ಮೂರು ವರ್ಷದ ಹಿಂದೆ ಬಂತು. ಅಂಗಡಿಯವರು ಕೇಳಿದಾಗ ತೂಕದಲ್ಲಾಗಲಿ ಜಂಬದಲ್ಲಾಗಲಿ ಸುಳ್ಳು ಹೇಳಬೇಡಿ, ಮಂಡಿ ನಿಮ್ಮದು. ಅಷ್ಟು ಹಳೇ ಬೂಟಿನ ಪ್ಲಾಸ್ಟಿಕ್ಕೂ ನಂಬಿಕೆಗೆ ಅರ್ಹ ಅಲ್ಲ, ಚಳಿಯಲ್ಲಿ ಚೂರಾಗಿ ಒಡೆದಿದ್ದನ್ನ ನಾನೇ ಲಿಫ್ಟಿನ ಕೆಳಗೆ ನೋಡಿದ್ದೀನಿ. ಸ್ಕೀ ಉದ್ದವೂ ನಿಮಗೆ ಹೊಂದಲ್ಲ. ನಿಲ್ಲಿಸಿದರೆ ಗದ್ದದಿಂದ ಮೂಗಿನ ನಡುವೆ ಬರಬೇಕು, ಇದು ತಲೆ ಮೇಲೆ ಹೋಗುತ್ತೆ.

ನನ್ನ ಸಲಹೆ ಇಷ್ಟೇ. ಇರೋ ದುಡ್ಡೆಲ್ಲ ಬೂಟಿಗೆ ಹಾಕಿ, ಹೊಸದು, ಕೂತು ಹೊಂದಿಸಿಕೊಡುವವರ ಹತ್ತಿರ. ಸ್ಕೀ ಬಾಡಿಗೆಗಿರಲಿ, ಆದರೆ ಬೆಟ್ಟದ ಬುಡದಲ್ಲಲ್ಲ. ಊರಿನ ಅಂಗಡಿಗಳು ಇಡೀ ಚಳಿಗಾಲಕ್ಕೆ ಕೊಡ್ತಾವೆ, ಶರತ್ಕಾಲದಲ್ಲಿ ತಂದು ಬೇಸಿಗೆಗೆ ಮುಂಚೆ ಹಿಂದಿರುಗಿಸಿದರಾಯ್ತು. ನಿಮ್ಮ ಬೂಟು ತಗೊಂಡೇ ಹೋಗಿ, ಅದಕ್ಕೇ ಬೈಂಡಿಂಗ್ ಕೂರಿಸ್ಕೊಡ್ತಾರೆ. ಸ್ಕೀಯ ನಡು ಅಗಲ 80-88 ಮಿ.ಮೀ. ಇರೋದು ಕೇಳಿ. ಟಾಹೋದ ಹಿಮ ಒದ್ದೆ, ಭಾರ. ಇಲ್ಲಿನ ಬೆಟ್ಟಸಾಲಿನ ಹೆಸರು ಸೇರಿಸಿ ಸಿಯೆರಾ ಸಿಮೆಂಟ್ ಅಂತ ಸುಮ್ಮನೆ ಹೆಸರಿಟ್ಟಿಲ್ಲ. ಮಾರ್ಚಿನಲ್ಲಿ ಬೆಳಿಗ್ಗೆ ಗಾಜು, ಮಧ್ಯಾಹ್ನ ಎರಡಕ್ಕೆ ರವೆ ಗಂಜಿ. ಗಂಜಿಯಲ್ಲೇ ಹೆಚ್ಚು ಜನ ಮಂಡಿ ತಿರುಚಿಕೊಳ್ಳೋದು ಅಂತ ನನ್ನ ಅನಿಸಿಕೆ, ನಾನು ಒಂದೂವರೆಗೇ ಬಿಚ್ಚಿ ಮೊಸರನ್ನದ ಡಬ್ಬಿ ತೆಗೀತೀನಿ.

ಬಾಡಿಗೆ ಸ್ಕೀಗೆ ವ್ಯಾಕ್ಸ್ ಅವರೇ ಹಾಕಿರ್ತಾರೆ, ನಿಮಗೆ ಸಾಮಾನು ಬೇಡ. ಸ್ವಂತ ಸ್ಕೀ ಬಂದಮೇಲೆ ಬೇಕಾಗುತ್ತೆ. ಹೊಸ ದೋಸೆ ಹೆಂಚಿಗೆ ಎಣ್ಣೆ ಹಿಡಿಸ್ತೀವಲ್ಲ, ಹಾಗೇ ಸ್ಕೀಯ ತಳಕ್ಕೆ ಮೇಣ ಕುಡಿಸೋದು. ಇಸ್ತ್ರಿಯಿಂದ ಕರಗಿಸಿ ಹರಡಿ, ಆರಿದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಪೂರ್ತಿ ಹೆರೆದು, ನೈಲಾನ್ ಬ್ರಷ್‌ನಿಂದ ಉಜ್ಜಬೇಕು. ಹೆರೆಯೋದು ಯಾಕೆ, ಉಳಿದರೆ ಒಳ್ಳೇದಲ್ವಾ ಅಂತ ನಮ್ಮವರು ಒಂದು ಸಲ ಹಾಗೇ ಬಿಟ್ಟಿದ್ದರು, ಜಿಗಣೆ ಥರ ಹಿಮಕ್ಕೆ ಅಂಟಿಕೊಂಡಿತು. ಮನೆಯ ಬಟ್ಟೆ ಇಸ್ತ್ರಿ ಮಾತ್ರ ಬಳಸಬೇಡಿ. ನಾನು ಬಳಸಿದ್ದೆ. ಆ ವರ್ಷ ಯುಗಾದಿಗೆ ರೇಷ್ಮೆ ಪಂಚೆ ಮೇಲೆ ಬಿದ್ದ ನೀಲಿ ಮೇಣದ ಕಲೆ ಇನ್ನೂ ಇದೆ, ಮಾತೂ ಇದೆ.


ಮ್ಯೂನಿಕ್_ಮಂಡ್ಯ:

ಅಕ್ಕ ಹೇಳಿದ್ದಕ್ಕೆ ಒಂದೇ ತಕರಾರು. ಕಾಲಿಗೆ ಬೂಟು ಸಿಕ್ಕಿದ ಮೇಲೆ ಇನ್ನೂ ಎಷ್ಟು ವರ್ಷ ಬಾಡಿಗೆ ಕಟ್ತೀರ? ಏಪ್ರಿಲ್‌ನಲ್ಲಿ ಬಾಡಿಗೆ ಅಂಗಡಿಗಳೇ ಒಂದೆರಡು ವರ್ಷ ಓಡಿಸಿದ ಸ್ಕೀನ ಮಾರ್ತವೆ. ನಾನು ಅಂಥದ್ದೊಂದು ತಗೊಂಡು ಐದು ಚಳಿಗಾಲ ಆಯ್ತು ಕಣಣ್ಣ, ಏನೂ ಆಗಿಲ್ಲ. ತಗೊಳ್ಳೋವಾಗ ತಳ ತಿರುಗಿಸಿ ಅಂಚಿನ ಉಕ್ಕು ಎಲ್ಲಾದರೂ ಕಿತ್ತಿದೆಯಾ, ಬಿರುಕು ಬಿಟ್ಟಿದೆಯಾ ನೋಡಬೇಕು. ತಳದಲ್ಲಿ ಗೀರಿದ್ರೆ ಪರವಾಗಿಲ್ಲ, ತುಂಬಿಸಬಹುದು.

ಅಂಚು ಹರಿತ ಇದೆಯಾ ಅಂತ ನೋಡೋಕೆ ಕೈಬೆರಳಿನ ಉಗುರನ್ನ ಅದರ ಮೇಲೆ ಅಡ್ಡಡ್ಡ ಎಳೀರಿ. ಉಗುರಿಂದ ಬಿಳಿ ಪುಡಿ ಉದುರಿದ್ರೆ ಹರಿತ. (ಕಾಲಿನ ಉಗುರು ಹೋಯ್ತು, ಕೈಯದ್ದಾದ್ರೂ ಕೆಲಸಕ್ಕೆ ಬರಲಿ.) ಸಂಜೆ ಒರೆಸದೆ ಚೀಲದಲ್ಲಿ ಕಟ್ಟಿಟ್ಟರೆ ಬೆಳಿಗ್ಗೆಗೆ ತುಕ್ಕು ಬರ್ತದೆ, ಹಳೇ ಟವೆಲ್ ಒಂದು ಕಾರಲ್ಲಿರಲಿ.

ಇನ್ನೊಂದು, ಕೋಲಿನ ಹಿಡಿಯಲ್ಲಿ ಮಣಿಕಟ್ಟಿಗೆ ಹಾಕ್ಕೊಳ್ಳೋ ಪಟ್ಟಿ. ಕೋಲು ಹಿಡಿದೇ ಬಿದ್ದು ನನ್ನ ಬಲಗೈ ಹೆಬ್ಬೆರಳಿನ ಬುಡದ ಲಿಗಮೆಂಟ್ (ಎಲುಬು ಜೋಡಿಸೋ ಕಟ್ಟು) ಹರೀತು, ಆರು ವಾರ ಬ್ಯಾಂಡೇಜ್ ಕಟ್ಟಿಕೊಂಡು ಎಡಗೈಲಿ ಊಟ. ಡಾಕ್ಟ್ರು ನೋಡಿದ ತಕ್ಷಣ ಸ್ಕೀಯರ್ಸ್ ಥಂಬ್ ಅಂದ್ರು. ಅವತ್ತಿಂದ ಪಟ್ಟಿಗೆ ಕೈ ಹಾಕೋದೇ ಬಿಟ್ಟೆ, ಬೀಳೋವಾಗ ಕೋಲು ಎಸೆದುಬಿಡ್ತೀನಿ. ಕೋಲಿನ ಅಳತೆಗೆ ಅದನ್ನ ತಲೆಕೆಳಗು ಮಾಡಿ, ಚೂಪು ತುದಿ ಹತ್ತಿರ ಇರೋ ಪ್ಲಾಸ್ಟಿಕ್ ಚಕ್ರದ ಕೆಳಗೆ ಹಿಡೀರಿ, ಮೊಣಕೈ ನೇರ ಕೋನಕ್ಕೆ ಬಂದ್ರೆ ಸರಿ.


ಫ್ರೀಮಾಂಟ್_ಹೊಸಬ:

ಅಕ್ಕ, ನಿನ್ನೆ ರಾತ್ರಿಯೇ ಅಳೆದೆ. ಎಡಗಾಲು 26.4, ಬಲಗಾಲು 26.7. ನಾನು 28.5 ಹಾಕ್ಕೊಂಡು ಕುಣೀತಿದ್ದೆ! ಪಕ್ಕದ ಮನೆಯವರ ಬೂಟಿನ ಲೈನರ್ ತೆಗೆದು ಕಾಲಿಟ್ಟರೆ ಹಿಮ್ಮಡಿ ಹಿಂದೆ ನಾಲ್ಕು ಬೆರಳೂ ಹೋಯ್ತು. ಅವರಿಗೂ ತೋರಿಸಿದೆ. ಅವರ ಕಾಲಿಗೂ ಮೂರು ಬೆರಳು ಹೋಯ್ತು. ಹದಿನೈದು ವರ್ಷದ ಮೇಲೆ ಹಾಕಿದ್ದಾರೆ ಪಾಪ.

ಮಂಡ್ಯದ ಅಣ್ಣ, ಏಪ್ರಿಲ್ ಮಾತು ನೆನಪಿಟ್ಟುಕೊಂಡೆ. ಈ ಶನಿವಾರ ಬೂಟು ಹೊಂದಿಸುವವರ ಹತ್ತಿರ ಹೋಗ್ತಿದ್ದೀನಿ. 26.5 ಕೇಳಲಾ? ತಂದಮೇಲೆ ನೋಡಿಕೊಳ್ಳೋದು ಹೇಗೆ?


ಸಾಗರದ_ಅಕ್ಕ:

26.5 ಇಂದ ಶುರು ಮಾಡಿ, ಅಗಲ ಅವರೇ ಅಳೀತಾರೆ. ಸಂಜೆ ಕಡೆ ಹೋಗಿ, ಪಾದ ಸ್ವಲ್ಪ ಊದಿರುತ್ತೆ. ತಂದಮೇಲೆ ರಾತ್ರಿ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ತಣ್ಣಗಾದ ಪ್ಲಾಸ್ಟಿಕ್ ಕಬ್ಬಿಣ ಆಗುತ್ತೆ, ಬೆಳಿಗ್ಗೆ ಕಾಲೇ ಹೋಗಲ್ಲ. ಬೆಟ್ಟಕ್ಕೆ ಹೋಗುವಾಗ ಮುಂದಿನ ಸೀಟಿನ ಕೆಳಗೆ ಹೀಟರ್ ಗಾಳಿಗೆ ಇಡಿ. ಸಂಜೆ ಲೈನರ್ ತೆಗೆದು ಒಣಗಿಸಿ, ಬೆಂಕಿ ಮುಂದೆ ಬೇಡ. ಒಣಗಿದ ಮೇಲೆ ಬಕಲ್ ಸಡಿಲವಾಗಿ ಹಾಕಿಡಿ, ಇಲ್ಲದಿದ್ದರೆ ಆಕಾರ ಕೆಡುತ್ತೆ. ಹಾಂ, ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚೋವಾಗ ಗದ್ದದ ಕೆಳಗೂ ಹಚ್ಚಿ. ಹಿಮದಿಂದ ಬಿಸಿಲು ಕೆಳಗಿನಿಂದಲೂ ಹೊಡೆಯುತ್ತೆ.

ಮಗಳ ಬೂಟಿಗೂ ಅದೇ ಬೆರಳಿನ ಪರೀಕ್ಷೆ ಮಾಡಿ. ಮುಂದಿನ ವರ್ಷಕ್ಕೂ ಆಗಲಿ ಅಂತ ಯೂನಿಫಾರ್ಮ್ ಕೊಡಿಸೋ ಹಾಗೆ ದೊಡ್ಡದು ಕೊಡಿಸಿಲ್ಲ ತಾನೇ?


ಫ್ರೀಮಾಂಟ್_ಹೊಸಬ:

ಮೂರು ಬೆರಳು ಹೋಗ್ತಿದೆ ಅಕ್ಕ. ಶನಿವಾರ ಅವಳನ್ನೂ ಕರ್ಕೊಂಡು ಹೋಗ್ತೀನಿ.