ಲೇಜಿ ಸೀಕ್ವೆನ್ಸ್ ಹಾಕಿದ್ರೂ ಮೆಮೊರಿ ತುಂಬೋದು ಯಾಕೆ?

ಪ್ರಶ್ನೆ: ಸಾರ್, ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಕ್ಲೋಜರ್ (Clojure) ಭಾಷೆಲಿ ಸಣ್ಣ ಪ್ರೋಗ್ರಾಂ ಬರ್ಕೊಡ್ತಿದೀನಿ. ಹಳೇ ಲಾಟ್‌ಗಳ ಸಿಎಸ್‌ವಿ ಫೈಲ್ ಓದಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ನಾಲ್ಕು ನಮೂನೆ ಅಡಿಕೆ, ಒಂದೊಂದಕ್ಕೂ ಕ್ವಿಂಟಾಲ್ ರೇಟಿನ ಸರಾಸರಿ ತೆಗೀಬೇಕು, ಅಷ್ಟೇ. ಒಂದು ತಿಂಗಳ ಫೈಲ್ ಕೊಟ್ರೆ ಸಲೀಸಾಗಿ ಓಡತ್ತೆ, ಎಲ್ಲಾ ವರ್ಷದ್ದೂ ಸೇರ್ಸಿ ಕೊಟ್ರೆ ಔಟ್ ಆಫ್ ಮೆಮೊರಿ ಅಂತ ಬಿದ್ದೋಗತ್ತೆ. ಫೈಲಿನ ಸಾಲುಗಳನ್ನ ಕೊಡೋ ಲೈನ್-ಸೆಕ್ ಲೇಜಿ ಅಲ್ವಾ, ಬೇಕಾದಾಗ ಒಂದೊಂದೇ ಸಾಲು ಓದೋದಲ್ವಾ? ಮೊದ್ಲು ಸ್ಟ್ರೀಮ್ ಕ್ಲೋಸ್ಡ್ ಅಂತ ಎರರ್ ಬರ್ತಿತ್ತು, ಡೂಆಲ್ ಹಾಕಿದ್ಮೇಲೆ ಅದು ಹೋಯ್ತು.

ಉತ್ತರ: ಅದೇ ಡೂಆಲ್ ನೋಡಿ ಮಾರಾಯ್ರೆ! ಫೈಲ್ ತೆರೆದು ಕೆಲ್ಸ ಮುಗಿದ್ಮೇಲೆ ತಾನೇ ಮುಚ್ಚೋ ವಿತ್-ಓಪನ್ ಒಳಗಿಂದ ಲೇಜಿ ಸೀಕ್ವೆನ್ಸ್ ಹೊರಗೆ ಕಳ್ಸಿದ್ರೆ, ಓದೋಕೆ ಹೋಗೋ ಹೊತ್ತಿಗೆ ಫೈಲ್ ಮುಚ್ಚಿರತ್ತೆ, ಅದ್ಕೇ ಆ ಎರರ್. ಡೂಆಲ್ ಇಡೀ ಫೈಲನ್ನ ಓದಿ ಮೆಮೊರಿಲಿ ಇಟ್ಕೊಳತ್ತೆ, ಆಮೇಲೆ ಲೇಜಿ ಅನ್ನೋದಕ್ಕೆ ಅರ್ಥ ಎಲ್ಲಿ ಉಳೀತು? ಸೀಕ್ವೆನ್ಸ್ ಹೊರಗೆ ತರ್ಬೇಡಿ, ಲೆಕ್ಕಾನೇ ವಿತ್-ಓಪನ್ ಒಳಗೆ ಮುಗ್ಸಿ, ಉತ್ತರ ಮಾತ್ರ ಹೊರಗೆ ಬರ್ಲಿ.

ಪ್ರಶ್ನೆ: ಡೂಆಲ್ ತೆಗ್ದು ಎಲ್ಲಾ ಒಳಗೇ ಹಾಕ್ದೆ ಸಾರ್, ಆದ್ರೂ ಬೀಳತ್ತೆ. ಲೆಟ್‌ನಲ್ಲಿ ಸಾಲುಗಳು ಅಂತ ಹೆಸರು ಕೊಟ್ಟು, ಮೊದ್ಲು ರೆಡ್ಯೂಸ್ (ಒಂದೊಂದೇ ಸಾಲು ಸೇರಿಸ್ತಾ ಹೋಗೋದು) ಮಾಡಿ ಮೊತ್ತ, ಆಮೇಲೆ ಅದನ್ನೇ ಕೌಂಟ್ ಮಾಡಿ ಭಾಗಿಸ್ತಿದೀನಿ.

ಉತ್ತರ: ಈಗ ಅಸಲಿ ಜಾಗಕ್ಕೆ ಬಂದ್ರಿ. ಲೇಜಿ ಸೀಕ್ವೆನ್ಸ್ ಒಂದ್ಸಲ ಲೆಕ್ಕ ಹಾಕಿದ್ದನ್ನ ಮರೆಯಲ್ಲ, ಪ್ರತಿ ಕೊಂಡಿಯೂ ತನ್ನ ಬೆಲೆನೂ ಮುಂದಿನ ಕೊಂಡಿನೂ ಹಿಡ್ಕಂಡೇ ಇರತ್ತೆ, ಹಂಗಾಗಿ ಯಾರಾದ್ರೂ ಅದರ ತಲೆ, ಅಂದ್ರೆ ಮೊದಲ ಕೊಂಡಿ, ಹಿಡ್ಕಂಡು ಕೂತ್ರೆ ಹಿಂದಿನ ಒಂದು ಸಾಲನ್ನೂ ಬೇಡದ ಮೆಮೊರಿ ಖಾಲಿ ಮಾಡೋ ಗಾರ್ಬೇಜ್ ಕಲೆಕ್ಟರ್ ಮುಟ್ಟೋ ಹಂಗಿಲ್ಲ. ಲೋಕಲ್ ಹೆಸರನ್ನ ಕೊನೇ ಸಲ ಬಳಸಿದ ತಕ್ಷಣ ಕ್ಲೋಜರ್ ಕಂಪೈಲರ್ ಅದನ್ನ ಬಿಟ್ಬಿಡತ್ತೆ, ಆದ್ರೆ ನೀವು ರೆಡ್ಯೂಸ್ ಆದ್ಮೇಲೆ ಕೌಂಟ್ ಮಾಡ್ಬೇಕಲ್ಲ, ಅದ್ಕೋಸ್ಕರ ಮೊದಲ ಸುತ್ತು ಪೂರ್ತಿ ಅದು ತಲೆ ಹಿಡ್ಕಂಡಿರಲೇಬೇಕು. ಎರಡು ಸುತ್ತು ಬೇಡ. ಒಂದೇ ರೆಡ್ಯೂಸ್‌ನಲ್ಲಿ ಒಂದು ಮ್ಯಾಪ್ ಇಟ್ಕಂಡು ಪ್ರತಿ ನಮೂನೆಗೂ ಮೊತ್ತ, ಲೆಕ್ಕ ಎರಡನ್ನೂ ಅಪ್‌ಡೇಟ್ ಮಾಡ್ತಾ ಹೋಗಿ, ಫೈಲ್ ಎಷ್ಟು ದೊಡ್ಡದಿದ್ರೂ ಮೆಮೊರಿಲಿ ಉಳಿಯೋದು ಎಂಟು ಸಂಖ್ಯೆ. ಗ್ರೂಪ್-ಬೈ ಕಡೆ ಮಾತ್ರ ಹೋಗ್ಬೇಡಿ, ಅದು ಎಲ್ಲಾ ಸಾಲನ್ನೂ ಗುಂಪು ಕಟ್ಟಿ ಇಟ್ಕೊಳತ್ತೆ.

ಡೆಫ್ ಹಾಕಿ ಮೇಲ್ಮಟ್ಟದಲ್ಲಿ ಹೆಸರು ಕೊಟ್ರೆ ಅಂತೂ ಪ್ರೋಗ್ರಾಂ ಇರೋವರೆಗೂ ಅದು ಬಿಡಲ್ಲ. ಕೋಡ್ ಬರೆದ ತಕ್ಷಣ ಉತ್ತರ ತೋರ್ಸೋ ರೆಪ್ಲ್‌ನಲ್ಲಿ (REPL) ಪರೀಕ್ಷೆ ಮಾಡೋರು ಇದನ್ನೂ ನೋಡ್ಕಳಿ, ಕೊನೇ ಮೂರು ಉತ್ತರಗಳನ್ನ ಅದು ಸ್ಟಾರ್ ಹೆಸರುಗಳಲ್ಲಿ (*1, *2, *3) ಹಿಡ್ಕಂಡೇ ಇರತ್ತೆ. ಡಿಬಗ್ ಮಾಡೋಕೆ ಅಂತ ಲೋಕಲ್ಸ್ ಕ್ಲಿಯರಿಂಗ್ (ಮೇಲೆ ಹೇಳಿದ, ಲೋಕಲ್ ಹೆಸರು ಬಿಟ್ಬಿಡೋ ಕೆಲ್ಸ) ಆಫ್ ಮಾಡಿದ್ರೂ ಇದೇ ಕಥೆ.

ಅಂದಹಾಗೆ ಲಾಟಿನ ಸರಾಸರಿನಾ, ತೂಕದ ಸರಾಸರಿನಾ? ಒಂದು ಮೂಟೆ ಸರಕಿಗೂ ನೂರು ಮೂಟೆಗೂ ಸಮ ಲೆಕ್ಕ ಹಾಕಿದ್ರೆ ಮಂಡಿಯವ್ರು ಬೈದೇ ಬೈತಾರೆ.

ಇನ್ನೊಬ್ರು (ಸಾಗರದಿಂದ): ಸಾರ್ ನಂದು ಹ್ಯಾಸ್ಕೆಲ್ ಭಾಷೆ. ರೆಡ್ಯೂಸ್ ತರದ್ದೇ ಫೋಲ್ಡ್‌ಎಲ್ ಪ್ರೈಮ್‌ನಲ್ಲಿ (foldl') ಮೊತ್ತ-ಲೆಕ್ಕದ ಜೋಡಿ ಇಟ್ಟಿದೀನಿ, ಒಂದೇ ಸುತ್ತು, ಆದ್ರೂ ಹೀಪ್ (ಪ್ರೋಗ್ರಾಂ ಬಳಸೋ ಮೆಮೊರಿ) ಏರ್ತಾನೇ ಇದೆ.

ಉತ್ತರ: ನಿಮ್ದು ಬೇರೆ ಕಾಯಿಲೆ. ಅಲ್ಲಿ ತುಂಬ್ಕೊಳೋದು ಸಾಲುಗಳಲ್ಲ, ಇನ್ನೂ ಮಾಡದೇ ಉಳ್ದಿರೋ ಕೂಡೋ ಕೆಲ್ಸ, ಥಂಕ್‌ಗಳು. ಫೋಲ್ಡ್‌ಎಲ್ ಪ್ರೈಮ್ ಜೋಡಿಯ ಹೊರಚಿಪ್ಪು ಮಾತ್ರ ಬಿಡಿಸಿ ನೋಡತ್ತೆ, ಒಳಗಿನ ಎರಡು ಸಂಖ್ಯೆನ ಮುಟ್ಟಲ್ಲ. ಆ ಸಂಖ್ಯೆಗಳನ್ನ ತಕ್ಷಣ ಲೆಕ್ಕ ಹಾಕ್ಸೋ ಬ್ಯಾಂಗ್ ಪ್ಯಾಟರ್ನ್ ಹಾಕಿ, ಇಲ್ಲಾಂದ್ರೆ ಸ್ಟ್ರಿಕ್ಟ್ ಫೀಲ್ಡ್ ಇರೋ ಸ್ವಂತ ಟೈಪ್ ಮಾಡ್ಕಳಿ. ಆಪ್ಟಿಮೈಸೇಷನ್ ಆನ್ ಇದ್ರೆ ಹ್ಯಾಸ್ಕೆಲ್ ಕಂಪೈಲರ್ ಜಿಎಚ್‌ಸಿ ಎಷ್ಟೋ ಸಲ ತಾನೇ ಸರಿ ಮಾಡತ್ತೆ, ಆದ್ರೆ ನಾನಂತೂ ಅದನ್ನ ನಂಬ್ಕೊಂಡು ಕೂರಲ್ಲ.

ಪ್ರಶ್ನೆ: ಒಂದೇ ರೆಡ್ಯೂಸ್ ಮಾಡ್ದೆ ಸಾರ್, ಓಡ್ತು! ಮುಂದೆ ಇನ್ನೂ ದೊಡ್ಡ ಫೈಲ್ ಬಂದ್ರೆ ಬೀಳಲ್ಲ ಅಂತ ಹೆಂಗೆ ಗೊತ್ತಾಗೋದು?

ಉತ್ತರ: ಹೀಪ್ ಮಿತಿ ಬೇಕಂತಲೇ 64 ಎಂಬಿಗೆ ಇಳ್ಸಿ, ಅದೇ ಫೈಲನ್ನ ಹತ್ತು ಸಲ ಅಂಟಿಸಿ ಕೊಡಿ. ಬಿದ್ರೆ ಹೀಪ್ ಡಂಪ್ (ಆ ಕ್ಷಣದ ಮೆಮೊರಿಯ ನಕಲು) ತಗೊಂಡು ವಿಷುವಲ್‌ವಿಎಂ ಅನ್ನೋ ಟೂಲ್‌ನಲ್ಲಿ ತೆರೀರಿ, ತಲೆ ಯಾರ ಕೈಲಿದೆ ಅಂತ ಕಾಣತ್ತೆ.