ಅಪ್‌ಡೇಟ್: ಬಿರುಗಾಳಿಯ ರಾತ್ರಿ ಕುದುರೆಗಳು ಹೇಗಿದ್ದವು

ಹೋದ ವಾರ ಕೇಳಿದ್ದೆ: ಶರತ್ಕಾಲದ ಗಾಳಿಮಳೆಗೆ ನನ್ನ ಎರಡು ಕುದುರೆಗಳನ್ನು ಬಯಲಲ್ಲಿ ಬಿಡಬೇಕಾ, ಲಾಯದಲ್ಲಿ ಕಟ್ಟಬೇಕಾ, ರಗ್ ಹೊದಿಸಬೇಕಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಕೊನೆಗೆ ಹೊರಗೇ ಬಿಟ್ಟೆ. ದೊಡ್ಡ ಮರಗಳಿರುವ ಹುಲ್ಲುಗಾವಲಲ್ಲಿ ಅಲ್ಲ, ಶೆಡ್ ಇರುವ ಕಡೆ. ಸಂಜೆಯೇ ಅದರ ಸಡಿಲ ತಗಡನ್ನು ಬಿಗಿ ಮಾಡಿದೆ. ಒಣಹುಲ್ಲು ಜಾಸ್ತಿ ಹಾಕಿದೆ. ಅದು ಹೊಟ್ಟೆಯಲ್ಲಿ ಹುದುಗುವಾಗ ಮೈ ಬೆಚ್ಚಗಾಗುತ್ತದೆ, ಅಲ್ವಾ. ಬೆಳಿಗ್ಗೆ ಹೋಗಿ ನೋಡಿದರೆ ಶೆಡ್ ಖಾಲಿ! ಎರಡೂ ಬೇಲಿ ಪೊದೆಗಳ ಮರೆಯಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಬಾಲ ಒತ್ತಿಕೊಂಡು ನಿಂತಿದ್ದವು.

ರಗ್ ವಿಷಯದಲ್ಲಿ ತಪ್ಪು ನನ್ನದೇ. ವಯಸ್ಸಾದ ಹೆಣ್ಣು ಕುದುರೆಗೆ ದಪ್ಪ ರಗ್ ಹಾಕಿದ್ದೆ. ಭುಜದ ಹಿಂದೆ ಕೈ ತೂರಿಸಿದರೆ ಬೆವರಿ ಕೂದಲೆಲ್ಲ ಒದ್ದೆ, ಅಂಟಂಟು. ಚಿಕ್ಕವನಿಗೆ ಏನೂ ಹೊದಿಸಿರಲಿಲ್ಲ. ಮೇಲೆ ನೀರು ಇಳಿಯುತ್ತಿತ್ತು, ಆದರೆ ಕೂದಲು ಬಿಡಿಸಿ ನೋಡಿದರೆ ಬುಡ ಒಣಗಿಯೇ ಇತ್ತು, ಬೆಚ್ಚಗೂ ಇತ್ತು. ಪಾಪ, ಅವಳಿಗೆ ಸುಮ್ನೆ ಹಿಂಸೆ ಕೊಟ್ಟೆ ಅನ್ನಿಸಿತು. ಈಗ ಅವಳಿಗೆ ನೀರು ತಡೆಯುವ ತೆಳು ರಗ್ ಮಾತ್ರ. ದಿನಕ್ಕೆ ಎರಡು ಸಲ ಬಿಚ್ಚಿ ಮೈ ನೋಡುತ್ತೇನೆ.

ಗೇಟಿನ ಹತ್ತಿರದ ಕೆಸರಿಗೆ ಇನ್ನೂ ದಾರಿ ಕಂಡಿಲ್ಲ.