ಎರಡೂ ತುದಿ ಇನ್ಸುಲೇಟೆಡ್, ಆದ್ರೂ ಬಲತುದಿ ಬಿಸಿ. ಯಾಕೆ?

ಬಿಸಿಸರಳು:
ಎರಡು ದಿನದಿಂದ ತಲೆ ಚಿಟ್ಟು ಹಿಡಿದಿದೆ. 1 ಮೀಟರ್ ತಾಮ್ರದ ಸರಳು, ಅದರಲ್ಲಿ ಶಾಖ ಹರಡೋದನ್ನ ಹೀಟ್ ಈಕ್ವೇಶನ್ ಹಾಕಿ ಕಂಪ್ಯೂಟರಲ್ಲಿ ಲೆಕ್ಕ ಹಾಕ್ತಿದ್ದೀನಿ. ಎಡಗಡೆ 10 ಸೆಂ.ಮೀ. 100 ಡಿಗ್ರಿ, ಮಿಕ್ಕಿದ್ದೆಲ್ಲ 20. 40 ಸೆಕೆಂಡಿಗೇ ಬಲತುದಿ 48 ತೋರಿಸ್ತಿದೆ! ಕೋಡ್ ಸರಿಯಾಗೇ ಇದೆ, ಸರಾಸರಿ 28 ಅಲುಗಾಡಲ್ಲ.

ಗ್ರಿಡ್‌ಗೌಡ:
ಟೈಮ್ ಸ್ಟೆಪ್ ದೊಡ್ಡದಾಯ್ತು. ಎಕ್ಸ್‌ಪ್ಲಿಸಿಟ್ ಸ್ಕೀಮಲ್ಲಿ (ಹಳೇ ಬೆಲೆಗಳಿಂದಲೇ ಮುಂದಿನದನ್ನ ತೆಗೆಯೋ ವಿಧಾನ) ಆಲ್ಫಾ (ಶಾಖ ಎಷ್ಟು ಬೇಗ ಹರಡುತ್ತೆ ಅನ್ನೋ ಅಳತೆ) × ಡಿಟಿ (ಟೈಮ್ ಸ್ಟೆಪ್) ÷ ಡಿಎಕ್ಸ್² (ಸೆಲ್ಲಿನ ಅಗಲದ ವರ್ಗ) ಅರ್ಧ ದಾಟಬಾರದು. ಕಣ್ಮುಚ್ಚಿ 0.1 ಸೆಕೆಂಡ್ ಹಾಕಿ.

ಬಿಸಿಸರಳು:
ಸರಳನ್ನ 100 ಸೆಲ್ (ತುಂಡು) ಮಾಡಿದ್ದೀನಿ, ಡಿಟಿ 0.4. ಆಲ್ಫಾ 1.1 × 10⁻⁴ ಅಂದ್ರೆ 0.44 ಬರುತ್ತೆ. 0.1 ಹಾಕಿದ್ರೂ ಅದೇ 48.

ಗ್ರಿಡ್‌ಗೌಡ:
ಹಾಗಾದ್ರೆ 0.05. ಇಲ್ಲಾ ಇಂಪ್ಲಿಸಿಟ್ (ಹೊಸ ಬೆಲೆಗಳನ್ನೆಲ್ಲ ಒಟ್ಟಿಗೆ ಬಿಡಿಸೋ) ವಿಧಾನವಾದ ಕ್ರ್ಯಾಂಕ್-ನಿಕೋಲ್ಸನ್‌ಗೆ ಬನ್ನಿ, ಸ್ಟೆಪ್ ತಲೆನೋವೇ ಇರಲ್ಲ.

ಶೇಷಪದ:
ಗೌಡ್ರೇ, ಸ್ಟೆಬಿಲಿಟಿ ಕೆಟ್ಟಿದ್ರೆ ಪಕ್ಕಪಕ್ಕದ ಸೆಲ್ ಗರಗಸದ ಹಲ್ಲಿನ ಹಾಗೆ ಮೇಲೆ-ಕೆಳಗೆ ಕುಣಿದು ಸಾವಿರ, ಲಕ್ಷಕ್ಕೆ ಹೋಗ್ತಿತ್ತು. ನುಣ್ಣಗೆ 48ಕ್ಕೆ ನಿಲ್ತಿರಲಿಲ್ಲ. ಇನ್ನು 100ರಿಂದ 20ಕ್ಕೆ ನೆಟ್ಟಗೆ ಬೀಳೋ ಆರಂಭಿಕ ಷರತ್ತಿಗೆ ದೊಡ್ಡ ಸ್ಟೆಪ್ಪಿನ ಕ್ರ್ಯಾಂಕ್-ನಿಕೋಲ್ಸನ್ ಹಾಕಿದ್ರೆ ಆ ಅಂಚಲ್ಲೇ ಅಲೆ ಏಳುತ್ತೆ. ಮೊದಲ ನಾಲ್ಕು ಅರ್ಧ ಸ್ಟೆಪ್ ಬ್ಯಾಕ್‌ವರ್ಡ್ ಆಯ್ಲರ್ (ಅಲೆ ಅಡಗಿಸೋ ಇನ್ನೊಂದು ಇಂಪ್ಲಿಸಿಟ್ ವಿಧಾನ) ಓಡಿಸಬೇಕು.

ಗ್ರಿಡ್‌ಗೌಡ:
ಸಣ್ಣ ಸ್ಟೆಪ್ಪಿಗೆ ಏಳಲ್ಲ.

ಶೇಷಪದ:
ಸಣ್ಣ ಸ್ಟೆಪ್ಪೇ ಇಡೋದಾದ್ರೆ ಇಂಪ್ಲಿಸಿಟ್ ಯಾತಕ್ಕೆ?

ಜಿಪಿಯು_ಭಟ್ಟ:
ನನ್ನ ಕಾರ್ಡಲ್ಲಿ 4096 × 4096 ಗ್ರಿಡ್ಡೇ ಸಲೀಸಾಗಿ ಓಡುತ್ತೆ. 100 ಸೆಲ್ಲಿಗೆ ಇಷ್ಟು ಮಾತಾ?

ತುದಿಗಾಲು:
ಬಿಸಿಸರಳು ಅವರೇ, 40 ಸೆಕೆಂಡಲ್ಲಿ ಶಾಖ ಹರಡೋ ದೂರ (4 × ಆಲ್ಫಾ × ಕಾಲ) ಇಷ್ಟೂ ಸೇರಿದ್ದರ ವರ್ಗಮೂಲ, ಅಂದಾಜು 13 ಸೆಂ.ಮೀ. ಸರಳಿನೊಳಗಿಂದ ಅಷ್ಟರಲ್ಲಿ ಬಲತುದಿ ತಲುಪೋಕಾಗಲ್ಲ. ಎಡತುದಿ ಎಷ್ಟಿದೆ? ಅಂಚಿನ ಸಾಲು ಹೇಗೆ ಬರೆದಿದ್ದೀರಿ?

ಬಿಸಿಸರಳು:
ಎಡತುದಿ 49. ಅಂಚಿಗೆ ಅಂತ ಏನೂ ಬರೆದಿಲ್ಲ, ಇನ್ಸುಲೇಟೆಡ್ ತಾನೇ? ನಂಪೈ (ಪೈಥಾನಿನ ಲೆಕ್ಕದ ಲೈಬ್ರರಿ) ರೋಲ್‌ನಲ್ಲಿ ಎಡ-ಬಲದ ನೆರೆ ತಗೊಂಡಿದ್ದೀನಿ, ಲೂಪ್ ಇಲ್ಲ.

ತುದಿಗಾಲು:
ಸಿಕ್ತು. ರೋಲ್ ಕೊನೇ ಸೆಲ್ಲನ್ನ ತಂದು ಮೊದಲನೇದಕ್ಕೆ ಅಂಟಿಸುತ್ತೆ. ನಿಮ್ಮದು ಸರಳಲ್ಲ, ಬಳೆ! ಪೀರಿಯಾಡಿಕ್ ಅಂಚು. ಅದಕ್ಕೇ 49ರ ಪಕ್ಕ 48. ಬಳೆಯಿಂದಲೂ ಶಾಖ ಹೊರಗೆ ಹೋಗಲ್ಲ, ಹಾಗಾಗಿ ಸರಾಸರಿ 28 ನಿಂತಿದ್ದು ಏನನ್ನೂ ಸಾಬೀತು ಮಾಡಲ್ಲ. ಪ್ರತಿ ಸ್ಟೆಪ್ಪಲ್ಲೂ ನಂಪೈ ಪ್ಯಾಡ್, ಅಗಲ 1, ಮೋಡ್ 'ಎಡ್ಜ್' (ತುದಿ ಸೆಲ್ಲಿನ ಬೆಲೆಯನ್ನೇ ಆಚೆಗೊಂದು ನಕಲು ಇಡುತ್ತೆ). ಆಮೇಲೆ ಸ್ಲೈಸ್ ಮಾಡಿ ಎಡ-ಬಲ ತಗೊಳ್ಳಿ. ಎಡತುದಿ 77, ಬಲತುದಿ 20 ಬರಬೇಕು.

ಶೇಷಪದ:
'ರಿಫ್ಲೆಕ್ಟ್' ಅಲ್ವಾ? ಇನ್ಸುಲೇಟೆಡ್ ತುದಿಯಲ್ಲಿ ಡಿರೈವೇಟಿವ್ (ಉಷ್ಣತೆಯ ಇಳಿಜಾರು) ಸೊನ್ನೆ ಅಂದ್ರೆ ಆಚೆಯ ಕಾಲ್ಪನಿಕ ಬಿಂದು ಎರಡನೇ ಬಿಂದುವಿಗೆ ಸಮ.

ತುದಿಗಾಲು:
ಬಿಂದು ತುದಿಯ ಮೇಲೇ ಕೂತಿದ್ರೆ ನೀವು ಹೇಳಿದ್ದು ಸರಿ. ಆಗ ಮೊತ್ತ ಹಾಕುವಾಗ ಎರಡು ತುದಿಗೂ ಅರ್ಧ ತೂಕ. ಇಲ್ಲಿ 100 ಸೆಲ್, ಬೆಲೆ ಸೆಲ್ಲಿನ ನಡುವೆ, ಅಂಚು ಅರ್ಧ ಸೆಲ್ ಆಚೆ. 'ಎಡ್ಜ್' ಸಾಕು.

ಬಿಸಿಸರಳು:
77, 20! ಬಲತುದಿಗೆ ಫ್ಯಾನ್ ಗಾಳಿ ಬಿಟ್ರೆ ಏನು ಬದಲಾಯಿಸಬೇಕು?

ಗ್ರಿಡ್‌ಗೌಡ:
ಡಿಟಿ 0.1 ಮಾಡಿ.